ತೂಕದ ದಿನ ತಂದೆ ಎಲ್ಲಿ?

ಮುತ್ತತ್ತಿಯಿಂದ ಹಲಗೂರಿಗೆ ಬರುವ ರಸ್ತೆಯು ಕಾವೇರಿ ವನ್ಯಜೀವಿಧಾಮದ ಕಾಡನ್ನು ಹಾದು ಬರುತ್ತದೆ. ಆನೆ ಅಡ್ಡ ನಿಂತರೆ ಬಸ್ಸೂ ನಿಲ್ಲಬೇಕಾದ ಹಾದಿ. ಕೆಲವು ತಿಂಗಳ ಹಿಂದೆ ಆ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ತರುಣನೊಬ್ಬ ಕುಳಿತಿದ್ದನು. ಮುಂದಿನ ಆಸನದಲ್ಲಿ ಅವನ ಪತ್ನಿ, ಅವಳ ಮಡಿಲಲ್ಲಿ ಹದಿನಾಲ್ಕು ವಾರಗಳ ಹೆಣ್ಣುಮಗು. ಮಗುವಿನ ತಪಾಸಣೆಗೂ ಲಸಿಕೆಗೂ ಹೊರಟಿದ್ದರು.

"ನಾನು ಜೊತೆಗೆ ಹೋಗುತ್ತಿರುವುದು ಇದೇ ಮೊದಲು, ಸ್ವಾಮಿ. ಹೋದ ಸಲ ಇವಳು ಒಬ್ಬಳೇ ಹೋಗಿ ಅಳುತ್ತ ಮನೆಗೆ ಬಂದಳು" ಎಂದನು.

ಅಳುವಂಥದ್ದೇನೂ ನಡೆದಿರಲಿಲ್ಲ. ಸಾಲಿನಲ್ಲಿದ್ದ ಹೆಂಗಸೊಬ್ಬಳು ತಕ್ಕಡಿಯ ಅಂಕಿಯನ್ನು ನೋಡಿ, "ಹಾಲು ಸಾಲುವುದಿಲ್ಲವೇನೋ" ಎಂದಿದ್ದಳು, ಅಷ್ಟೆ. ಅದೇ ರಾತ್ರಿ ಚುಚ್ಚಿದ ತೊಡೆ ಊದಿ ಮಗುವಿಗೆ ಮೈ ಬೆಚ್ಚಗಾಯಿತು. ಮನೆಯ ಹಿರಿಯರು, "ಚೆನ್ನಾಗಿದ್ದ ಕೂಸನ್ನು ಕರೆದೊಯ್ದು ಜ್ವರ ತಂದೆ" ಎಂದರು. ಒಂದೇ ದಿನ ಆ ತಾಯಿ ಎರಡು ಬಾರಿ ಅಪರಾಧಿಯಾದಳು. ಆರನೇ, ಹತ್ತನೇ ಮತ್ತು ಹದಿನಾಲ್ಕನೇ ವಾರದ ಲಸಿಕೆಗಳ ನಂತರ ಒಂದೆರಡು ದಿನ ಸಣ್ಣ ಜ್ವರ ಬರುವುದು, ಚುಚ್ಚಿದ ಜಾಗ ಗಟ್ಟಿಯಾಗುವುದು ಸಾಮಾನ್ಯವೆಂದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. (ಜ್ವರ ಏರುತ್ತಲೇ ಹೋದರೆ, ಮಗು ಹಾಲನ್ನು ನಿರಾಕರಿಸಿದರೆ ಅಥವಾ ಎಡೆಬಿಡದೆ ಅತ್ತರೆ ವೈದ್ಯರಿಗೆ ತೋರಿಸಲೇಬೇಕು.)

ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಅವರು ಮತ್ತೆ ಸಿಕ್ಕರು. ತರುಣನು ತಾಯಿ ಕಾರ್ಡನ್ನು ಬಿಡಿಸಿ ನನ್ನ ಮುಂದೆ ಹಿಡಿದನು. ಹುಟ್ಟಿದಾಗ 2.6 ಕಿಲೋ, ಈಗ 5 ಕಿಲೋ. ಚುಕ್ಕೆಗಳನ್ನು ಸೇರಿಸಿದ ಗೆರೆ ಹಸಿರು ಪಟ್ಟಿಯ ಕೆಳಭಾಗದಲ್ಲಿತ್ತು; ಆದರೆ ಎಲ್ಲಿಯೂ ಬಾಗದೆ ಮೇಲೇರಿತ್ತು. "ದಪ್ಪ ಸಣ್ಣ ನೋಡಬೇಡಿ, ಗೆರೆ ನೋಡಿ ಎಂದು ಸಿಸ್ಟರ್ ಹೇಳಿದರು" ಎಂದನು. ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗನ ಮುಖ!

ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿಯುತ್ತಿದ್ದಾಗ ಅರಿಸ್ಟಾಟಲನ ಒಂದು ವಾದ ನನ್ನನ್ನು ಬಹಳ ಕಾಡಿತ್ತು: ಒಂದೇ ಕ್ಷಣವನ್ನು ಹಿಡಿದು ನೋಡಿದರೆ ಅಲ್ಲಿ ಚಲನೆಯೆಂಬುದೇ ಇರದು. ಆ ದಿನ ಆ ಕಾರ್ಡು ಅದನ್ನು ಯಾವ ಅಧ್ಯಾಪಕರಿಗಿಂತಲೂ ಸುಲಭವಾಗಿ ತಿಳಿಸಿತು. ಒಂದು ಚುಕ್ಕೆಯು ಬೆಳವಣಿಗೆಯ ಬಗ್ಗೆ ಏನನ್ನೂ ಹೇಳಲಾರದು. ಪಕ್ಕದ ಮನೆಯ ಕೂಸಿನ ಚುಕ್ಕೆಯಂತೂ ನಮ್ಮ ಕೂಸಿನ ಬಗ್ಗೆ ಏನೂ ಹೇಳುವುದಿಲ್ಲ. ಗೆರೆ ಸಮತಟ್ಟಾದಾಗ ಅಥವಾ ಇಳಿದಾಗ ಮಾತ್ರ ಕಾರಣವನ್ನು ಹುಡುಕಬೇಕು. ಅದನ್ನು ಹುಡುಕುವುದಕ್ಕೆಂದೇ ಮತ್ತೆ ಮತ್ತೆ ತೂಗುವುದು. ತಾಯಿಗೆ ಅಂಕ ಕೊಡುವುದಕ್ಕಲ್ಲ.

ವ್ಯವಸ್ಥೆಯಂತೂ ಸಾಕಷ್ಟಿದೆ. ದೇಶದಲ್ಲಿ 1975ರಲ್ಲಿ ಅಂಗನವಾಡಿ ಯೋಜನೆ ಆರಂಭವಾದಾಗ ಮೊದಲ 33 ಕ್ಷೇತ್ರಗಳಲ್ಲಿ ನಮ್ಮ ನೆರೆಯ ತಿ. ನರಸೀಪುರವೂ ಒಂದು. ಇಂದು ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆಯು ಮನೆಗೇ ಬಂದು ಮಗುವನ್ನು ನೋಡಬೇಕೆಂಬ ನಿಯಮವಿದೆ. ಅವಳು ಬಂದಾಗ ಮಾತನಾಡುವವಳೂ ತಾಯಿ, ಕೇಳಿಸಿಕೊಳ್ಳುವವಳೂ ತಾಯಿ. ಗಂಡಸರು ಹೊರಗೆ.

ಭಯವೇನೂ ಹೊಸದಲ್ಲ. ಶ್ರೀರಂಗಪಟ್ಟಣದಲ್ಲಿ ಸೇವೆ ಸಲ್ಲಿಸಿದ, ನಮ್ಮ ಹಿರಿಯರು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದ ಅಬ್ಬೆ ದುಬಾಯ್ ಅವರು 1803-04ರಲ್ಲಿ ಮೈಸೂರು ಸೀಮೆಯ 25 ಸಾವಿರಕ್ಕೂ ಹೆಚ್ಚು ಮಂದಿಗೆ ಸಿಡುಬಿನ ಲಸಿಕೆ ಹಾಕಿಸಿದರು. ಹಸುವಿನ ಸಿಡುಬಿನ ಕೀವನ್ನು ತೋಳಿಗೆ ಚುಚ್ಚುವುದೆಂದರೆ ಆ ಕಾಲಕ್ಕೆ ಎಂಥ ಸಂಗತಿ! ಅಷ್ಟು ಜನ ತೋಳು ಒಡ್ಡಿದ್ದು ಔಷಧಶಾಸ್ತ್ರ ತಿಳಿದು ಇರಲಾರದು. ತಮಗೆ ಪರಿಚಿತನಾದವನೊಬ್ಬ ಜೊತೆಗೆ ನಿಂತಿದ್ದಾನೆಂಬ ವಿಶ್ವಾಸದಿಂದ ಎಂದು ನಾನು ತಿಳಿಯುತ್ತೇನೆ. ಆ ರೋಗ ಜಗತ್ತಿನಿಂದಲೇ ತೊಲಗಿತೆಂದು 1980ರಲ್ಲಿ ಘೋಷಣೆಯಾಯಿತು.

ಬಸ್ಸಿನ ದಂಪತಿಗಳು ನಮ್ಮ ಧರ್ಮಕೇಂದ್ರದವರಲ್ಲ. ಆದರೆ ನಮ್ಮ ಮನೆಗಳ ಕಥೆ ಬೇರೆಯೇ? ದೀಕ್ಷಾಸ್ನಾನದ ಭಾನುವಾರ ಒಂದು ಮಗುವಿನ ಹಿಂದೆ ನಲವತ್ತು ಜನ ಬರುತ್ತಾರೆ. ಶಾಮಿಯಾನ, ಛಾಯಾಗ್ರಾಹಕ, ಬಿರಿಯಾನಿ. ಅದೇ ಮಗುವಿನ ಲಸಿಕೆಯ ದಿನ ತಾಯಿ ಒಬ್ಬಳೇ ಚೀಲ, ಕೊಡೆ, ಕೂಸು ಎಲ್ಲವನ್ನೂ ಹೊತ್ತು ಬಸ್ಸು ಹತ್ತುತ್ತಾಳೆ. ಕೂಲಿ ಹೋಗುತ್ತದೆ ಎನ್ನುವ ತಂದೆಯ ಮಾತು ಸುಳ್ಳಲ್ಲ. ಬಡವನಿಗೆ ಒಂದು ದಿನದ ಕೂಲಿ ದೊಡ್ಡದೇ. ಹಾಗಾದರೆ ಜ್ಞಾನತಂದೆ, ಜ್ಞಾನತಾಯಿ ಎಲ್ಲಿ? ಮಗುವಿನ ಹೊಣೆ ಹೊರುತ್ತೇವೆಂದು ನನ್ನ ಮುಂದೆಯೇ ಒಪ್ಪಿದವರಲ್ಲವೇ ಅವರು? ಬೆಳ್ಳಿಯ ಗೆಜ್ಜೆ ಕೊಟ್ಟರೆ ಆ ಹೊಣೆ ಮುಗಿಯಿತೆಂದು ಎಲ್ಲಿ ಬರೆದಿದೆ? ಇನ್ನು ಮುಂದೆ ದೀಕ್ಷಾಸ್ನಾನಕ್ಕೆ ಹೆಸರು ಬರೆಸಲು ಬಂದವರಿಗೆ ತಾಯಿ ಕಾರ್ಡನ್ನೂ ತರಲು ಹೇಳಬೇಕೆಂದಿದ್ದೇನೆ. ಮುಂದಿನ ತಪಾಸಣೆಗೆ ತಾಯಿಯ ಜೊತೆ ಯಾರು ಹೋಗುತ್ತಾರೆಂದೂ ಕೇಳುತ್ತೇನೆ. ಗುರುಗಳಿಗೆ ಇದೇಕೆ ಎಂದು ಕೆಲವರು ಗೊಣಗಬಹುದು, ಗೊಣಗಲಿ.

ಆ ತರುಣನ ಮಗುವಿಗೆ ಇನ್ನು ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆ, ಜೊತೆಗೆ ಗದ್ದೆಗಳ ಸೊಳ್ಳೆಯಿಂದ ಹರಡುವ ಮಿದುಳುಜ್ವರದ ಲಸಿಕೆ. ಕಾರ್ಡಿನ ಮೇಲಿದ್ದ ತಾರೀಖನ್ನು ಅವನು ಎರಡು ಸಲ ಓದಿದನು. ಅಂದು ಯಾವ ವಾರ ಬೀಳುತ್ತದೆಂದು ನನ್ನನ್ನು ಕೇಳಿದನು. ನನ್ನ ಬಳಿ ಪಂಚಾಂಗವಿರಲಿಲ್ಲ. ಬೆರಳು ಮಡಿಚಿ ಎಣಿಸುವಷ್ಟರಲ್ಲಿ ಮುತ್ತತ್ತಿಯ ಬಸ್ಸು ಬಂದಿತು.