ಪಿಎಚ್.ಡಿ. ವಿದ್ಯಾರ್ಥಿಯ ರಜೆ: ನಿಯಮದಲ್ಲಿದೆ, ಕೈಗೆ ಸಿಗುತ್ತಿಲ್ಲ

“ಇನ್ನೂ ಮುಗಿಯಲಿಲ್ಲವೇ?” ಸಂಶೋಧನೆ ಮಾಡುತ್ತಿರುವ ಮಗನೋ ಮಗಳೋ ಹಬ್ಬಕ್ಕೆ ಊರಿಗೆ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಇದು. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಾವೂ ಕೇಳಿದ್ದೇವೆ. ಕೇಳುವವರಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಕೊಡಲಾರದೆ ಮುಂದಿನ ಹಬ್ಬಕ್ಕೆ ಊರಿಗೇ ಬಾರದೆ ಉಳಿಯುವವರಿದ್ದಾರೆ ಎಂಬುದನ್ನು ನಾವು ಯೋಚಿಸುವುದಿಲ್ಲ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಕಳವಳಗೊಂಡ ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚ್ 24ರಂದು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯನ್ನು ರಚಿಸಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವ ಕಳೆದುಕೊಂಡರು. ಇದು ಎಲ್ಲ ಹಂತದ ವಿದ್ಯಾರ್ಥಿಗಳ ಸಂಖ್ಯೆ. ಸಂಶೋಧನಾ ವಿದ್ಯಾರ್ಥಿಗಳ ಸಂಕಟ ಇದರೊಳಗೆ ಅಡಗಿದೆ. ಅವರು ವಯಸ್ಸಿನಲ್ಲಿ ದೊಡ್ಡವರು; ಆದ್ದರಿಂದ ಅವರಿಗೆ ಸಹಾಯ ಬೇಕು ಎಂದು ಯಾರಿಗೂ ಅನ್ನಿಸುವುದಿಲ್ಲ.

ಕರಾವಳಿಯಲ್ಲಿ ಕುಳಿತು ಮಾತಾಡುವಾಗ ನಮ್ಮ ಕಣ್ಣಮುಂದೆ ಸುರತ್ಕಲ್, ಕೊಣಾಜೆಗಳೇ ಬರುತ್ತವೆ. ಸ್ವಲ್ಪ ದೂರ ನೋಡೋಣ. ನಮ್ಮ ಭಾಗದ ಎಷ್ಟೋ ಗುರುಗಳು, ಧರ್ಮಭಗಿನಿಯರು ಸೇವೆ ಸಲ್ಲಿಸಿದ ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಕುಡತಿನಿ ಎಂಬ ಊರು ಸಿಗುತ್ತದೆ. ಉಷ್ಣವಿದ್ಯುತ್ ಸ್ಥಾವರದ ಚಿಮಣಿಗಳಿಂದ ಇದನ್ನು ಗುರುತಿಸಬಹುದು. ಇದರ ಒಂದು ಕಡೆಗೆ 2010ರಲ್ಲಿ ಆರಂಭವಾದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಇನ್ನೊಂದು ಕಡೆಗೆ 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಹಿಂದೆ ಇಲ್ಲಿಯವರು ಉನ್ನತ ಶಿಕ್ಷಣಕ್ಕೆ ದೂರದ ಕಲಬುರ್ಗಿ, ಧಾರವಾಡಗಳನ್ನು ನೋಡಬೇಕಿತ್ತು. ಈಗ ರೈತ, ಕೂಲಿ ಕುಟುಂಬದ ಹುಡುಗಿಯೊಬ್ಬಳು ಮನೆಗೆ ಹತ್ತಿರದಲ್ಲೇ ಸಂಶೋಧನೆಗೆ ಸೇರಬಹುದು. ಇದು ಸಂತೋಷದ ಬೆಳವಣಿಗೆ. ಆದರೆ ಇಂಥ ಮನೆಯಲ್ಲಿ ಪಿಎಚ್.ಡಿ. ಎಂದರೇನು, ಅದಕ್ಕೆ ಎಷ್ಟು ವರ್ಷ ಹಿಡಿಯುತ್ತದೆ ಎಂದು ತಿಳಿದವರು ಯಾರು? ಮಗಳು ಇನ್ನೂ ಓದುತ್ತಿದ್ದಾಳೆ, ಸಂಬಳ ಇನ್ನೂ ಬಂದಿಲ್ಲ ಎಂಬುದಷ್ಟೇ ಮನೆಯವರಿಗೆ ಕಾಣುತ್ತದೆ. ಅವಳು ಒಂದು ವಾರ ಮನೆಯಲ್ಲಿ ಸುಮ್ಮನೆ ಕುಳಿತರೆ ಅದು ಸೋಮಾರಿತನವೆನಿಸುತ್ತದೆ.

ನಿಯಮಗಳು ಏನು ಹೇಳುತ್ತವೆ ನೋಡಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನವೆಂಬರ್‌ನಲ್ಲಿ ಪ್ರಕಟಿಸಿದ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿಕೊಂಡರೆ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೂ ಶೇಕಡಾ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ 2 ವರ್ಷಗಳ ಸಡಿಲಿಕೆ ಇದೆ. ಹೆರಿಗೆ ಅಥವಾ ಮಕ್ಕಳ ಪಾಲನೆಗಾಗಿ ಮಹಿಳೆಯರಿಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆ ನೀಡಬಹುದು. ಇನ್ನು ಯುಜಿಸಿಯ ಜೂನಿಯರ್ ಫೆಲೋಶಿಪ್ ಪಡೆಯುವವರಿಗೆ ಸಾರ್ವಜನಿಕ ರಜೆಗಳನ್ನು ಬಿಟ್ಟು ವರ್ಷಕ್ಕೆ 30 ದಿನಗಳ ರಜೆ ಇದೆ. ಬೇಸಿಗೆ ರಜೆ, ದಸರಾ ರಜೆಗಳಿಗೆ ಅವರು ಅರ್ಹರಲ್ಲ. ಈ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿತು. ಆದರೆ ಸಂಶೋಧನೆ ಮಾಡುವವರೆಲ್ಲರಿಗೂ ಇದು ಸಿಗುವುದಿಲ್ಲ.

ಹಾಗಾದರೆ 30 ದಿನಗಳ ರಜೆ ಇದೆಯಲ್ಲ ಎಂದು ಕೇಳಬಹುದು. ಇದೆ, ನಿಜ. ಆದರೆ ಅದಕ್ಕೆ ಮಾರ್ಗದರ್ಶಕರ ಒಪ್ಪಿಗೆ ಬೇಕು. ಪಾಠ ಹೇಳುವವರು, ಪ್ರಗತಿ ವರದಿಗೆ ಸಹಿ ಹಾಕುವವರು, ನಾಳೆ ಕೆಲಸಕ್ಕೆ ಶಿಫಾರಸು ಪತ್ರ ಬರೆಯಬೇಕಾದವರು ಒಬ್ಬರೇ. “ಸರ್, ನನಗೆ ದಣಿವಾಗಿದೆ, ಹತ್ತು ದಿನ ಊರಿಗೆ ಹೋಗಿ ಬರುತ್ತೇನೆ” ಎಂದು ಅವರ ಮುಂದೆ ಹೇಳಲು ಧೈರ್ಯ ಬೇಕು. ಮದುವೆ, ಸಾವು, ಜ್ವರ ಎಂದರೆ ರಜೆ ಸಿಗುತ್ತದೆ. ದಣಿವು ಎಂದರೆ ಇಷ್ಟು ಬೇಗ ದಣಿದೆಯಾ ಎಂಬ ಮಾತು ಬರುತ್ತದೆ. ಕೊನೆಗೆ ವಿದ್ಯಾರ್ಥಿಗಳು ಸುಳ್ಳು ಕಾರಣ ಹುಡುಕುತ್ತಾರೆ, ಇಲ್ಲವೇ ರಜೆಯನ್ನೇ ಬಿಟ್ಟುಬಿಡುತ್ತಾರೆ. ಎಲ್ಲ ಮಾರ್ಗದರ್ಶಕರೂ ಹೀಗಿದ್ದಾರೆ ಎಂದು ನಾವು ಹೇಳುತ್ತಿಲ್ಲ. ಒಳ್ಳೆಯವರು ಸಿಕ್ಕಿದರೆ ರಜೆ, ಇಲ್ಲದಿದ್ದರೆ ಇಲ್ಲ ಎಂಬಂತಾದರೆ ಅದು ಹಕ್ಕಲ್ಲ, ಅದೃಷ್ಟ ಎಂಬುದೇ ನಮ್ಮ ಆಕ್ಷೇಪ.

ಇದು ನಮ್ಮಲ್ಲಿ ಮಾತ್ರ ಇರುವ ತೊಂದರೆಯಲ್ಲ. 2018ರಲ್ಲಿ 26 ದೇಶಗಳ 2,279 ವಿದ್ಯಾರ್ಥಿಗಳನ್ನು ಒಳಗೊಂಡು, ಅವರಲ್ಲಿ ಬಹುಪಾಲು ಪಿಎಚ್.ಡಿ. ಮಾಡುವವರೇ ಇದ್ದ ಒಂದು ಅಧ್ಯಯನ ಪ್ರಕಟವಾಯಿತು. ಸಾಮಾನ್ಯ ಜನರಿಗೆ ಹೋಲಿಸಿದರೆ ಇವರಲ್ಲಿ ಆತಂಕ ಮತ್ತು ಖಿನ್ನತೆ ಆರು ಪಟ್ಟು ಹೆಚ್ಚು ಎಂದು ಅದು ತಿಳಿಸಿತು. 2019ರಲ್ಲಿ ‘ನೇಚರ್’ ಪತ್ರಿಕೆ ನಡೆಸಿದ ಸಮೀಕ್ಷೆಯಲ್ಲಿ ಉತ್ತರಿಸಿದ ಆರು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಶೇಕಡಾ 36ರಷ್ಟು ಜನ ಪಿಎಚ್.ಡಿ.ಯಿಂದಾದ ಆತಂಕ ಅಥವಾ ಖಿನ್ನತೆಗೆ ಸಹಾಯ ಕೋರಿದ್ದರು.

ಮತ್ತೆ ಕುಡತಿನಿಗೆ ಬರೋಣ. ಆ ಊರಿನ ಸಮೀಪ ನವಶಿಲಾಯುಗದ ಒಂದು ದೊಡ್ಡ ಬೂದಿದಿಬ್ಬವಿದೆ. 1840ರ ದಶಕದಲ್ಲಿಯೇ ಕ್ಯಾಪ್ಟನ್ ನ್ಯೂಬೋಲ್ಡ್ ಈ ಸೀಮೆಯ ಬೂದಿದಿಬ್ಬಗಳ ಬಗ್ಗೆ ಬರೆದಿದ್ದರು. ಇದು ಜ್ವಾಲಾಮುಖಿಯ ಬೂದಿಯೇ, ಕಬ್ಬಿಣ ಕರಗಿಸಿದ ಕಿಟ್ಟವೇ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ದನಗಳ ಸಗಣಿ ಸುಟ್ಟ ಬೂದಿ ಎಂದು ರಾಬರ್ಟ್ ಬ್ರೂಸ್ ಫೂಟ್ ಊಹಿಸಿದ್ದರು. 1957ರಲ್ಲಿ ಆಲ್ಚಿನ್ ಅವರು ಉಟ್ನೂರಿನಲ್ಲಿ ನಡೆಸಿದ ಉತ್ಖನನ ಮತ್ತು 1960ರಲ್ಲಿ ಜೋಯ್ನರ್ ಪ್ರಕಟಿಸಿದ ಪರೀಕ್ಷೆಯ ಫಲದಿಂದ ಅದು ಗಟ್ಟಿಯಾಯಿತು. ಒಂದು ಪ್ರಶ್ನೆಗೆ ಉತ್ತರ ಸಿಗಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು! ಜ್ಞಾನ ಬೆಳೆಯುವುದೇ ಹೀಗೆ. ಒಬ್ಬ ವಿದ್ಯಾರ್ಥಿ ಹತ್ತು ದಿನ ಮನೆಗೆ ಹೋದರೆ ಯಾವ ಸಂಶೋಧನೆಯೂ ಹಾಳಾಗುವುದಿಲ್ಲ. ಅದೇ ಕುಡತಿನಿಯ ವಿದ್ಯುತ್ ಸ್ಥಾವರದ ಘಟಕಗಳನ್ನು ನೋಡಿ. ಇಂಥ ಘಟಕವನ್ನು ಕಾಲಕಾಲಕ್ಕೆ ನಿಲ್ಲಿಸಿ, ಬಾಯ್ಲರ್ ತಣಿಸಿ, ಪರೀಕ್ಷಿಸಿ ಮತ್ತೆ ಚಾಲೂ ಮಾಡುತ್ತಾರೆ. ಅದನ್ನು ಯಾರೂ ನಷ್ಟವೆನ್ನುವುದಿಲ್ಲ. ಯಂತ್ರಕ್ಕೆ ತೋರಿಸುವ ಈ ವಿವೇಕ ಮನುಷ್ಯರ ವಿಷಯದಲ್ಲಿ ನಮಗೆ ಯಾಕೆ ಇಲ್ಲ?

ಬಿಡುವು ನಮ್ಮ ವಿಶ್ವಾಸಕ್ಕೂ ಹೊಸತಲ್ಲ. ಏಳನೆಯ ವರ್ಷ ಭೂಮಿಯನ್ನು ಬಿತ್ತದೆ ಬಿಡಬೇಕೆಂದು ಯಾಜಕಕಾಂಡದ 25ನೆಯ ಅಧ್ಯಾಯ ವಿಧಿಸುತ್ತದೆ. ಪ್ರಾಧ್ಯಾಪಕರು ತೆಗೆದುಕೊಳ್ಳುವ ‘ಸಬ್ಯಾಟಿಕಲ್’ ರಜೆಯ ಹೆಸರು ಬಂದದ್ದೂ ಈ ಸಬ್ಬತ್ತಿನಿಂದಲೇ. ಕಲಿಸುವವರಿಗೆ ಇರುವ ಬಿಡುವು ಕಲಿಯುವವರಿಗೂ ಇರಬೇಕಲ್ಲವೇ?

ನಮ್ಮ ಅಭಿಪ್ರಾಯದಲ್ಲಿ ಮೂರು ಕೆಲಸಗಳು ಆಗಬೇಕು. ಮೊದಲನೆಯದಾಗಿ, ರಜೆ ಕೇಳುವವರು ಕಾರಣ ವಿವರಿಸಬೇಕಾದ ಪರಿಸ್ಥಿತಿ ಹೋಗಬೇಕು. ವಿಶ್ವವಿದ್ಯಾಲಯಗಳೇ ಪ್ರತಿ ವರ್ಷ ಅದನ್ನು ಕಡ್ಡಾಯವಾಗಿ ಕೊಡಬೇಕು. ಎರಡನೆಯದಾಗಿ, ಕಾಯಿಲೆಯಿಂದ ಅಥವಾ ಮನೆಯ ಸಂಕಷ್ಟದಿಂದ ಕೆಲವು ತಿಂಗಳು ನಿಲ್ಲಿಸಬೇಕಾದವರಿಗೆ, ಗಂಡಾಗಲಿ ಹೆಣ್ಣಾಗಲಿ, ಆ ತಿಂಗಳುಗಳು ಆರು ವರ್ಷದ ಲೆಕ್ಕದಿಂದ ಹೊರಗಿರಬೇಕು. ಮೂರನೆಯದು ನಮ್ಮದೇ ಕೆಲಸ. ನಮ್ಮ ಶಾಲಾ ಕಾಲೇಜುಗಳಲ್ಲಿ ಪಾಠ ಮಾಡುತ್ತಲೇ ಪಿಎಚ್.ಡಿ. ಮಾಡುವ ಉಪನ್ಯಾಸಕರಿದ್ದಾರೆ, ಅವರಲ್ಲಿ ಗುರುಗಳೂ ಧರ್ಮಭಗಿನಿಯರೂ ಇದ್ದಾರೆ. ಅವರ ಭಾನುವಾರದ ಮಧ್ಯಾಹ್ನವನ್ನೂ ಸಭೆ, ಸಮಾರಂಭಗಳಿಗೆ ಕಸಿದುಕೊಳ್ಳುವುದು ಬೇಡ.

ಒಂದು ಎಚ್ಚರಿಕೆಯ ಮಾತು. ಬಿಡುವು ದಣಿವಿಗೆ ಮದ್ದು. ಖಿನ್ನತೆಗೆ ಅದೊಂದೇ ಸಾಲದು. ವಾರಗಟ್ಟಲೆ ನಿದ್ದೆಯಿಲ್ಲದೆ, ಯಾರೊಂದಿಗೂ ಬೆರೆಯದೆ, ಬದುಕೇ ಬೇಡವೆಂಬ ಮಾತಾಡುವವರಿದ್ದರೆ ಉಪದೇಶ ಬೇಡ, ವೈದ್ಯರಲ್ಲಿಗೆ ಜೊತೆಯಾಗಿ ಹೋಗಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರಕಾರದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತಾಡಬಹುದು.

ಮುಂದಿನ ಹಬ್ಬಕ್ಕೆ ಆ ಮಗಳು ಊರಿಗೆ ಬಂದಾಗ “ಇನ್ನೂ ಮುಗಿಯಲಿಲ್ಲವೇ?” ಎಂದು ಕೇಳದಿರೋಣ. “ಊಟ ಮಾಡಿದ್ಯಾ? ಎಷ್ಟು ದಿನ ಇರ್ತೀ?” ಎಂದು ಕೇಳೋಣ. ನಾಲ್ಕು ದಿನ ಹೆಚ್ಚು ಇರುತ್ತೇನೆ ಎಂದರೆ ಸಂತೋಷಪಡೋಣ.