ಪಾಸ್ಟರ್ ಮನೆ ಸಭೆಯ ಆಸ್ತಿಯಲ್ಲ

ವಾರದಲ್ಲಿ ಒಂದು ದಿನ ಹೆಂಡತಿ ಮಕ್ಕಳ ಜೊತೆ ಇರಲು ಬಿಡಿ ಎಂದು ಯುವ ಪಾಸ್ಟರ್ ಒಬ್ಬರು ಕೇಳಿದರೆ ನಮ್ಮ ಕನ್ನಡ ಸಭೆಗಳಲ್ಲಿ ಮೊದಲು ಹುಟ್ಟುವ ಮಾತು: ‘ದೇವರ ಸೇವೆಗೂ ರಜೆಯೇ?’ ಕಮಿಟಿಯ ಹಿರಿಯರು ಹೀಗೆ ಕೇಳುವಾಗ ಅವರ ದನಿಯಲ್ಲಿ ನಿಜವಾದ ನೋವಿರುತ್ತದೆ. ಅವರು ಕಂಡ ಅಯ್ಯನವರು ಸೈಕಲ್ ತುಳಿದು ಮನೆ ಮನೆಗೆ ಬಂದವರು, ನಡುರಾತ್ರಿ ಕರೆದರೂ ಎದ್ದು ಬಂದು ಪ್ರಾರ್ಥಿಸಿದವರು. ಆ ನೋವನ್ನು ಗೌರವಿಸುತ್ತೇನೆ. ಪ್ರಶ್ನೆಯನ್ನು ಮಾತ್ರ ಒಪ್ಪುವುದಿಲ್ಲ. ಅದು ಪಾಸ್ಟರ್ ಕುಟುಂಬಕ್ಕೆ ಮಾಡುವ ಅನ್ಯಾಯ. ಸಭೆಗೂ ಅದರಿಂದ ಒಳಿತಾಗಿಲ್ಲ.

ಆ ಹಿರಿಯರ ನೆನಪಿನಲ್ಲಿರುವ ಸಭೆ ಯಾವುದು ಎಂದು ತಿಳಿಯಲು ಅವೆನ್ಯೂ ರಸ್ತೆಗೆ ಬರಬೇಕು. ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಈ ಬೀದಿಯಲ್ಲಿ, ಪುಸ್ತಕದಂಗಡಿ ಕಾಗದದಂಗಡಿಗಳ ನಡುವೆ, ರೈಸ್ ಸ್ಮಾರಕ ಚರ್ಚ್ ನಿಂತಿದೆ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ಹೆಸರಿನಲ್ಲಿ 1910ರ ದಶಕದಲ್ಲಿ ಕಟ್ಟಿದ ಕನ್ನಡ ಸಭೆಯ ಚರ್ಚು ಇದು. ಪೇಟೆಯೊಳಗೇ ಜನ ವಾಸವಿದ್ದ ಕಾಲದಲ್ಲಿ ಇಂಥ ಸಭೆಯ ಪಾಲಕರು ಸಂಜೆ ಹೊರಟರೆ ನಾಲ್ಕಾರು ಮನೆ ನೋಡಿ ಮಕ್ಕಳು ಮಲಗುವ ಮುಂಚೆ ಮನೆ ಸೇರಬಹುದಿತ್ತು. ಈಗ ಪೇಟೆಯ ವಾಸದ ಮನೆಗಳು ಅಂಗಡಿಯಾಗಿವೆ, ಗೋದಾಮಾಗಿವೆ. ಊರಿನ ನಡುವಿನ ಹಳೆಯ ಸಭೆಗಳಿಗೆ ಸೇರಿದ ಕುಟುಂಬಗಳು ಕೆಂಗೇರಿಯಲ್ಲಿವೆ, ಯಲಹಂಕದಲ್ಲಿವೆ, ವೈಟ್‌ಫೀಲ್ಡ್‌ನಲ್ಲಿವೆ. ಒಂದು ಮನೆ ಭೇಟಿ, ಒಂದು ಆಸ್ಪತ್ರೆ, ಒಂದು ಹುಟ್ಟುಹಬ್ಬದ ಪ್ರಾರ್ಥನೆ, ಅಷ್ಟಕ್ಕೇ ದಿನ ಮುಗಿದಿರುತ್ತದೆ. ಸಭೆಯ ಹರವು ಇಡೀ ಬೆಂಗಳೂರಾಯಿತು. ಪಾಸ್ಟರ್ ಮೇಲಿನ ನಿರೀಕ್ಷೆ ಮಾತ್ರ ದೊಡ್ಡಪೇಟೆಯ ಕಾಲದ್ದೇ ಉಳಿಯಿತು. ಮೇಲೆ ಮೊಬೈಲ್ ಬಂತು. ಸಭೆಯ ವಾಟ್ಸಾಪ್ ಗುಂಪಿನಲ್ಲಿ ರಾತ್ರಿ ಹನ್ನೊಂದಕ್ಕೆ ಹಾಕಿದ ಸಂದೇಶಕ್ಕೆ ಬೆಳಗಿನೊಳಗೆ ಉತ್ತರ ಬಾರದಿದ್ದರೆ ಅದೂ ಒಂದು ದೂರಾಗುತ್ತದೆ.

‘ಹಿಂದಿನವರು ತ್ಯಾಗ ಮಾಡಲಿಲ್ಲವೇ?’ ಎನ್ನುತ್ತಾರೆ. ಮಾಡಿದರು. ಆದರೆ ಆ ತ್ಯಾಗದ ಬೆಲೆ ತೆತ್ತವರಲ್ಲಿ ಅವರ ಮಕ್ಕಳೂ ಇದ್ದರು. ಅವರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಬಾಸೆಲ್ ಮಿಷನ್ನಿನ ನಿಯಮ ನೋಡಿ. ಮಿಷನರಿ ಮದುವೆಯಾಗಲು ಯುರೋಪಿನ ಆಡಳಿತ ಸಮಿತಿಯ ಅನುಮತಿ ಬೇಕಿತ್ತು. ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಬಂದೊಡನೆ ಹಡಗು ಹತ್ತಿಸಿ ಬಾಸೆಲ್ಲಿನ ಮಕ್ಕಳ ಮನೆಗೆ ಕಳಿಸಲಾಗುತ್ತಿತ್ತು. ಆ ಮಿಷನ್ನಿನ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಎಳೆಯ ವಯಸ್ಸಿನಲ್ಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆ ತಾಯಿ ಸೇವೆಗೆ ಮರಳಿದರು. ಮತ್ತೆ ಅವರನ್ನು ಸೇರುವ ಹೊತ್ತಿಗೆ ಅವಳು ಹದಿಹರೆಯದ ಹುಡುಗಿ. ಮುಂದೆ ಅವಳ ಮಗ ಹರ್ಮನ್ ಹೆಸ್ಸೆ ಜಗತ್ಪ್ರಸಿದ್ಧ ಲೇಖಕನಾದ. ಅದರಿಂದ ಆ ಅಗಲಿಕೆ ಸರಿ ಎಂದಾಗುವುದಿಲ್ಲ. ಬೆಂಜಮಿನ್ ರೈಸ್ ಅವರ ಮಗ ಬಿ.ಎಲ್. ರೈಸ್ ಕೂಡ ಬೆಂಗಳೂರಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಓದಿ 1860ರ ಸುಮಾರಿಗೆ ಹಿಂದಿರುಗಿದವರು. ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಕೊಟ್ಟರು, ತಮ್ಮ ಎಡ್ವರ್ಡ್ ಕನ್ನಡ ಸಾಹಿತ್ಯದ ಚರಿತ್ರೆ ಬರೆದರು. ಆ ಋಣ ನಾಡಿನ ಮೇಲೆ ದೊಡ್ಡದಿದೆ. ಆದರೂ ಹೆತ್ತವರಿಂದ ಸಾಗರದಾಚೆ ಬೆಳೆದ ಬಾಲ್ಯವನ್ನು ಇಂದಿನ ಪಾಸ್ಟರ್ ಮಕ್ಕಳಿಗೆ ಮಾದರಿಯೆಂದು ತೋರಿಸಲು ನನಗೆ ಮನಸ್ಸು ಬಾರದು.

ತಂದೆ ಬೆಂಜಮಿನ್ ರೈಸ್ ಅವರ ಬದುಕಿನಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ನಾವು ಮರೆತಿದ್ದೇವೆ. 1837ರಲ್ಲಿ ಬೆಂಗಳೂರಿಗೆ ಬಂದ ಅವರು 1887ರಲ್ಲಿ ತೀರಿಕೊಳ್ಳುವವರೆಗೆ ಸೇವೆಯ ಬಹುಪಾಲನ್ನು ಇಲ್ಲಿಯೇ ಕಳೆದರು. ಬೇರು ಬಿಟ್ಟದ್ದರಿಂದಲೇ ಪೇಟೆಯಲ್ಲಿ ಶಾಲೆಗಳನ್ನು ಕಟ್ಟಲಾಯಿತು. ಕೆಲವೇ ವರ್ಷಕ್ಕೊಮ್ಮೆ ಎತ್ತಂಗಡಿ ಮಾಡುವ ಪದ್ಧತಿ ವೆಸ್ಲಿಯನ್ ಪರಂಪರೆಯದು. ಅಲ್ಲಿ ಮೂರು ವರ್ಷಕ್ಕೆ ಬೋಧಕರು ಬದಲಾಗುತ್ತಿದ್ದರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ರೂಪುಗೊಂಡಾಗ ರೈಸ್ ಅವರ ಲಂಡನ್ ಮಿಷನ್, ವೆಸ್ಲಿಯನ್ ಎರಡೂ ಪರಂಪರೆಯವರು ಒಂದೇ ಚಪ್ಪರದಡಿ ಬಂದರು. ಹಾಗಾಗಿ ವರ್ಗಾವಣೆ ದೇವರ ಆಜ್ಞೆಯೇನಲ್ಲ, ಮನುಷ್ಯರು ಮಾಡಿಕೊಂಡ ಏರ್ಪಾಟು. ಏರ್ಪಾಟನ್ನು ತಿದ್ದಬಹುದು. ಹತ್ತನೇ ತರಗತಿಯಲ್ಲಿರುವ ಮಗುವಿದ್ದರೆ, ಪತ್ನಿಗೆ ಊರಿನಲ್ಲಿ ನೌಕರಿಯಿದ್ದರೆ, ಮುಪ್ಪಿನ ತಾಯಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದ್ದರೆ, ವರ್ಗಾವಣೆ ಪಟ್ಟಿ ಹೊರಡಿಸುವ ಮೊದಲು ಆ ಮನೆಯವರನ್ನು ಕೂರಿಸಿ ಒಂದು ಮಾತು ಕೇಳಲೇಬೇಕು.

ಸಿ.ಎಸ್.ಐ.ಗೆ ನಿಯಮ ತಿದ್ದಲು ಬರುವುದಿಲ್ಲ ಎನ್ನುವಂತಿಲ್ಲ. 2022ರಲ್ಲಿ ಬಿಷಪ್ಪರ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿಗೆ ಸಿನಡ್ ಮುಂದಾಯಿತು. ಅದು ಮದ್ರಾಸ್ ಹೈಕೋರ್ಟ್ ಕಂಡಿತು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎಪ್ಪತ್ತರ ಹೊಸ್ತಿಲಲ್ಲಿರುವವರ ಅಧಿಕಾರಕ್ಕಾಗಿ ಅಷ್ಟು ಹಣ, ಅಷ್ಟು ವಕೀಲರು, ಅಷ್ಟು ವರ್ಷ. ಮೂವತ್ತರ ಆಸುಪಾಸಿನ ಪಾಸ್ಟರ್‌ನ ಮನೆಗಾಗಿ ಅದರ ನೂರರಲ್ಲೊಂದು ಪಾಲು ಶ್ರಮವನ್ನಾದರೂ ಸಭೆ ಪಟ್ಟಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಪಾಸ್ಟರ್ ಹೆಂಡತಿಯ ವಿಚಾರ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ. ಆಕೆ ಮಹಿಳಾ ಸಂಘ ನಡೆಸಬೇಕು, ಸಂಡೇ ಸ್ಕೂಲ್ ನೋಡಿಕೊಳ್ಳಬೇಕು, ಕ್ವಾಯರ್‌ನಲ್ಲಿ ಹಾಡಬೇಕು, ಬಂದವರಿಗೆಲ್ಲ ಕಾಫಿ ಕೊಡಬೇಕು. ಸಂಬಳವಿಲ್ಲ. ಉಟ್ಟ ಸೀರೆಯ ಬಗ್ಗೆ ಮಾತು ಉಂಟು. ಕೆಲಸಕ್ಕೆ ಹೊರಗೆ ಹೋದರೆ ‘ಅಮ್ಮನವರಿಗೆ ಸಭೆ ಬೇಡ’ ಎಂಬ ಮಾತು. ಹೋಗದಿದ್ದರೆ ಮಕ್ಕಳ ಶಾಲೆಯ ಫೀಸು ಸಾಲದು. ಇದು ಸತ್ಯವೇದದ ನಿಯಮವೇ? ಸಿ.ಎಸ್.ಐ. 1976ರಿಂದ ಹೆಂಗಸರಿಗೂ ದೀಕ್ಷೆ ಕೊಡುತ್ತಿದೆ. 2013ರಲ್ಲಿ ಪುಷ್ಪಲಲಿತಾ ನಂದ್ಯಾಲದ ಬಿಷಪ್ಪರಾದರು. ಒಬ್ಬ ಮಹಿಳೆ ಸಭಾಪಾಲಕಿಯಾಗಿ ಬಂದಾಗ ಆಕೆಯ ಗಂಡ ಹಾರ್ಮೋನಿಯಂ ನುಡಿಸಬೇಕು, ಪುಟ್ಟ ಮಕ್ಕಳಿಗೆ ಕಥೆ ಹೇಳಬೇಕು, ಹಬ್ಬದ ಊಟಕ್ಕೆ ಹೆಗಲು ಕೊಡಬೇಕು ಎಂದು ಯಾರೂ ಕೇಳುವುದಿಲ್ಲ. ಹಾಗಿದ್ದರೆ ಹೆಂಡತಿಯಿಂದ ಮಾತ್ರ ಅದನ್ನು ವಸೂಲು ಮಾಡುವುದು ಭಕ್ತಿಯಲ್ಲ, ಅಭ್ಯಾಸ. ಆಕೆಗೆ ಇಷ್ಟವಿದ್ದು ಮಾಡಿದರೆ ಅದು ಕಾಣಿಕೆ, ಕೈಮುಗಿದು ಸ್ವೀಕರಿಸೋಣ.

ಸತ್ಯವೇದದ ಮಾತು ಬಂದದ್ದರಿಂದ ವಿಮೋಚನಕಾಂಡದ 18ನೇ ಅಧ್ಯಾಯವನ್ನು ನಮ್ಮ ಕಮಿಟಿಗಳು ಮೊದಲಿನಿಂದ ಓದಬೇಕು. ಬೆಳಗಿನಿಂದ ಸಂಜೆವರೆಗೆ ಜನರ ವ್ಯಾಜ್ಯ ಕೇಳುತ್ತ ಕೂತ ಮೋಶೆಗೆ ಮಾವ ಇತ್ರೋ ಬುದ್ಧಿ ಹೇಳಿ, ಕೆಲಸ ಹಂಚಿಕೋ ಎಂದ ಭಾಗವನ್ನು ಎಲ್ಲರೂ ಬಲ್ಲರು. ಆಡಳಿತದ ಪಾಠವೆಂದು ಪ್ರಸಂಗದಲ್ಲಿ ಕೇಳಿದ್ದೇವೆ. ಅಧ್ಯಾಯದ ಆರಂಭವನ್ನು ಬಿಟ್ಟುಬಿಡುತ್ತೇವೆ. ಇತ್ರೋ ಬರಿಗೈಯಲ್ಲಿ ಬರಲಿಲ್ಲ. ಮೋಶೆ ತವರಿಗೆ ಕಳಿಸಿಬಿಟ್ಟಿದ್ದ ಹೆಂಡತಿ ಚಿಪ್ಪೋರಳನ್ನೂ ಇಬ್ಬರು ಗಂಡುಮಕ್ಕಳನ್ನೂ ಅರಣ್ಯದವರೆಗೆ ಕರೆತಂದು ಗಂಡನೆದುರು ನಿಲ್ಲಿಸಿದ. ಸಲಹೆ ಕೊಟ್ಟದ್ದು ಮರುದಿನ. ಇಷ್ಟು ಜನರ ನಾಯಕನಾದವನ ಮನೆಯವರನ್ನು ಮೊದಲು ಅವನ ಬಳಿಗೆ ಸೇರಿಸಬೇಕೆಂದು ಆ ಮಿದ್ಯಾನಿನ ಮುದುಕನಿಗೆ ಗೊತ್ತಿತ್ತು. ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲೂ ಸಭೆಯನ್ನು ನೋಡಿಕೊಳ್ಳುವವನಿಗೆ ತನ್ನ ಮನೆ ನಡೆಸಲು ಬರುವುದೇ ಅರ್ಹತೆ. ಮನೆಗೆ ಸಮಯ ಕೊಡುವ ಪಾಸ್ಟರ್ ಸೇವೆಯಿಂದ ಕದಿಯುತ್ತಿಲ್ಲ, ಆ ಅರ್ಹತೆಯನ್ನು ಉಳಿಸಿಕೊಳ್ಳುತ್ತಿದ್ದಾನೆ.

ಎದುರಿನ ವಾದದಲ್ಲಿ ಒಂದು ನಿಜವಿದೆ. ಸಾವಿಗೆ ಗಡಿಯಾರವಿಲ್ಲ. ವಿಕ್ಟೋರಿಯಾ ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬ ತಾಯಿ ಕೊನೆಯುಸಿರೆಳೆಯುತ್ತಿದ್ದರೆ ಪಾಸ್ಟರ್ ಬರಬೇಕು, ಮಗಳ ಹುಟ್ಟುಹಬ್ಬದ ಕೇಕ್ ಮುಂದಿದ್ದರೂ ಎದ್ದು ಬರಬೇಕು. ಅದಕ್ಕೆ ಸಿದ್ಧನಿಲ್ಲದವನು ಈ ಕರೆಗೆ ಬರಬಾರದಿತ್ತು. ಸಂಸಾರದ ನೆಪದಲ್ಲಿ ಮನೆ ಭೇಟಿಯನ್ನೇ ಬಿಟ್ಟವರು ಇಲ್ಲವೆಂದೂ ನಾನು ಹೇಳುವುದಿಲ್ಲ. ಅವರನ್ನು ಕೇಳುವ ಹಕ್ಕು ಸಭೆಗಿದೆ. ಆದರೆ ಯುವ ಪಾಸ್ಟರ್‌ಗಳ ಸಂಜೆಗಳನ್ನು ತಿನ್ನುತ್ತಿರುವುದು ಸಾವಿನ ಮನೆಗಳಲ್ಲ. ರಾತ್ರಿ ಹತ್ತರವರೆಗೆ ಎಳೆಯುವ ಕಮಿಟಿ ಮೀಟಿಂಗು, ಅಂಗಡಿ ಬಾಡಿಗೆಯ ತಗಾದೆ, ಚುನಾವಣೆಯ ಗುಂಪುಗಾರಿಕೆ, ಯಾರ ಮನೆಯ ಗೃಹಪ್ರವೇಶಕ್ಕೆ ಮೊದಲು ಹೋದರೆಂಬ ಮುನಿಸು. ಇವು ಯಾವುವೂ ಕರ್ತನು ವಹಿಸಿದ ಕೆಲಸಗಳಲ್ಲ. ಲೆಕ್ಕಪತ್ರ, ಕಟ್ಟಡ, ಬಾಡಿಗೆ ನೋಡಲು ಸಭೆಯಲ್ಲಿ ಬ್ಯಾಂಕಿನಿಂದ, ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಅನುಭವಿಗಳಿದ್ದಾರೆ. ಅಪೊಸ್ತಲರೇ ಊಟ ಬಡಿಸುವ ಕೆಲಸಕ್ಕೆ ಏಳು ಜನರನ್ನು ನೇಮಿಸಿದರಲ್ಲ.

ಆದ್ದರಿಂದ ಪ್ರತಿ ಸಭೆಯ ಹಿರಿಯರಲ್ಲಿ ನನ್ನ ಕೋರಿಕೆ ಇದು. ಮುಂದಿನ ಕಮಿಟಿಯಲ್ಲಿ ಪಾಸ್ಟರ್‌ಗೆ ವಾರದ ಒಂದು ದಿನವನ್ನು ಬರವಣಿಗೆಯಲ್ಲಿ ಬಿಟ್ಟುಕೊಡಿ, ಆ ದಿನ ಯಾವುದೆಂದು ಭಾನುವಾರದ ಪ್ರಕಟಣೆಯಲ್ಲಿ ಓದಿ ಹೇಳಿ. ಆ ದಿನದ ತುರ್ತು ಕರೆಗೆ ಮೊದಲು ಓಗೊಡಲು ನಿಮ್ಮಲ್ಲೇ ಇಬ್ಬರ ಹೆಸರು ಬರೆಯಿರಿ. ವರ್ಗಾವಣೆಯನ್ನು ಶಾಲೆಯ ವರ್ಷಕ್ಕೆ ಹೊಂದಿಸಬೇಕೆಂದು ಡಯಾಸಿಸ್‌ಗೆ ಠರಾವು ಕಳಿಸಿ. ಇದಕ್ಕೆ ಸಭೆಯ ಬೊಕ್ಕಸದಿಂದ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.