ದ್ವೀಪಕ್ಕೆ ಹೋಗೋಣ, ಆದರೆ ಓಡಿಹೋಗಿ ಓಡಿಬರೋಕಲ್ಲ

ಇಂಟರ್ನಲ್ಸ್ ಮುಗಿದ ಸಂಜೆ ನಮ್ಮ ಹಾಸ್ಟೆಲ್‌ಗಳಲ್ಲಿ ತಯಾರಾಗುವ ಕರಾವಳಿ ಟ್ರಿಪ್ ಪ್ಲಾನ್ ಒಮ್ಮೆ ನೋಡಿ. ಎರಡು ದಿನ, ಎಂಟು ಜಾಗ. ಮುರ್ಡೇಶ್ವರ, ಮರವಂತೆ, ಕೊಲ್ಲೂರು, ಉಡುಪಿ ಮಠ, ಕಾಪು ದೀಪಸ್ತಂಭ, ಬರುವಾಗ ಆಗುಂಬೆ ಸೂರ್ಯಾಸ್ತ. ಇದರ ಮಧ್ಯೆ ಎಲ್ಲೋ ಒಂದು ಕಡೆ ‘ಸೇಂಟ್ ಮೇರೀಸ್ ದ್ವೀಪ, 45 ನಿಮಿಷ’ ಅಂತ ತುರುಕಿರ್ತಾರೆ. ಸೆಮಿಸ್ಟರ್ ಪೂರ್ತಿ ಡೆಡ್‌ಲೈನ್ ಹಿಂದೆ ಓಡಿ ಸುಸ್ತಾದವರು, ಸುಸ್ತು ಕಳೆಯೋಕೆ ಅಂತ ಇನ್ನೊಂದು ಡೆಡ್‌ಲೈನ್ ಹಾಕಿಕೊಳ್ಳೋದು ಯಾವ ನ್ಯಾಯ?

ನಮ್ಮ ವಾದ ಇಷ್ಟೇ: ಪಟ್ಟಿಯಿಂದ ಮೂರು ಜಾಗ ತೆಗೆಯಿರಿ. ಉಳಿದ ಸಮಯವನ್ನು ಮಲ್ಪೆಗೂ ಆ ದ್ವೀಪಕ್ಕೂ ಕೊಡಿ.

“ಅಲ್ಲಿ ಏನಿದೆ ಗುರು? ಕಲ್ಲು, ತೆಂಗಿನಮರ ಅಷ್ಟೇ” ಅನ್ನೋ ಮಾತು ಪ್ರತಿ ವರ್ಷ ಕೇಳ್ತೇವೆ. ಹೌದು, ಅಷ್ಟೇ ಇರೋದು. ಜನವಸತಿ ಇಲ್ಲ, ರಾತ್ರಿ ಉಳಿಯುವ ಹಾಗಿಲ್ಲ, ನೋಡಿ ಮುಗಿಸೋಕೆ ‘ಪಾಯಿಂಟ್’ಗಳಿಲ್ಲ. ಈ ಗುಂಪಿನಲ್ಲಿ ನಾಲ್ಕು ಮುಖ್ಯ ದ್ವೀಪಗಳಿವೆ. ಪ್ರವಾಸಿಗರು ಹೋಗುವುದು ತೆಂಗಿನ ದ್ವೀಪಕ್ಕೆ. ಅದರ ಉದ್ದ ಸುಮಾರು ಅರ್ಧ ಕಿಲೋಮೀಟರ್. ಇಡೀ ದ್ವೀಪ ಸುತ್ತಿದ ಮೇಲೂ ಸಮಯ ಮಿಗುತ್ತೆ. ಆ ಮಿಗುವ ಸಮಯ ನಮಗೆ ಬೇರೆ ಎಲ್ಲೂ ಸಿಗೋದಿಲ್ಲ. ಹೋದ ಡಿಸೆಂಬರಿನಲ್ಲಿ ನಾವು ಹೋದಾಗ, ನಾಲ್ಕು ಸೆಮಿಸ್ಟರ್ ಒಂದೇ ಬೆಂಚಲ್ಲಿ ಕೂತಿದ್ದ ಗೆಳೆಯನ ಅಪ್ಪ ಏನು ಕೆಲಸ ಮಾಡ್ತಾರೆ ಅನ್ನೋದು ಮೊದಲ ಸಲ ಗೊತ್ತಾಗಿದ್ದು ಅಲ್ಲೇ, ಒಂದು ತೆಂಗಿನಮರದ ಬುಡದಲ್ಲಿ.

ಇನ್ನು ಕಲ್ಲಿನ ವಿಷಯ. ಬೇರೆಯವರು ‘ಬರೀ ಕಲ್ಲು’ ಅಂದರೆ ಸರಿ, ಇಂಜಿನಿಯರಿಂಗ್ ಓದೋ ನಾವು ಹಾಗೆ ಅನ್ನಬಾರದು. ಯಾರೋ ಕಡೆದು ಜೋಡಿಸಿದ ಹಾಗೆ ಕಾಣುವ ಆ ಬಹುಭುಜ ಕಂಬಗಳು ಲಾವಾ ತಣ್ಣಗಾಗಿ ಆದವು. ತಣ್ಣಗಾಗುತ್ತಾ ಲಾವಾ ಕುಗ್ಗುತ್ತೆ, ಎಳೆತದ ಒತ್ತಡ ಕಲ್ಲಿನ ತಾಳಿಕೆ ಮೀರಿದಾಗ ಬಿರುಕು ಬಿಡುತ್ತೆ, ಆ ಬಿರುಕು ಮೇಲ್ಮೈಯಿಂದ ಒಳಕ್ಕೆ ಇಳಿಯುತ್ತೆ. ಒಣಗಿದ ಕೆರೆಯ ಕೆಸರು ಬಿರಿಯುವುದೂ ಕುಗ್ಗುವಿಕೆಯಿಂದಲೇ. ಸಿವಿಲ್‌ನವರು ಕಾಂಕ್ರೀಟಿನಲ್ಲಿ ಜಾಯಿಂಟ್ ಬಿಡುವುದೂ ಇಂಥ ಬಿರುಕಿಗೆ ಹೆದರಿಯೇ. ಎಲ್ಲವೂ ಷಟ್ಕೋನ ಅಂದುಕೊಳ್ಳಬೇಡಿ. ಎಣಿಸಿ ನೋಡಿದರೆ ಐದು ಮುಖದವು, ಏಳು ಮುಖದವೂ ಸಿಗುತ್ತವೆ. ಬಸಾಲ್ಟ್ ಅಂತ ಜನ ಕರೆದರೂ ಇದು ಸಿಲಿಕಾ ಹೆಚ್ಚಿರುವ ರಯೋಲೈಟ್ ಜಾತಿಯ ಕಲ್ಲು. ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿ ಚಟುವಟಿಕೆಗೆ ಇದನ್ನು ಜೋಡಿಸುತ್ತಾರೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿ ಇದೂ ಇದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟ, ಹೆಸರೂ ಹಾಗೇ ಬಂತು ಅನ್ನುವ ಪ್ರತೀತಿಯನ್ನು ದೋಣಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ.

ಆದರೆ ನಿಧಾನವಾಗಿ ಹೋಗಿ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಒಂದಿದೆ. 2022ರ ಏಪ್ರಿಲಿನಲ್ಲಿ ಕೇರಳದಿಂದ ಬಂದಿದ್ದ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ಸಮುದ್ರದ ಪಾಲಾದರು. ನಮ್ಮದೇ ವಯಸ್ಸು, ನಮ್ಮ ಹಾಗೇ ಕಾಲೇಜು ಟ್ರಿಪ್. ಅಲೆ ಬಡಿಯುವ ಬಂಡೆ ಪಾಚಿ ಕಟ್ಟಿರುತ್ತೆ, ಒಣಗಿದ ಹಾಗೆ ಕಂಡರೂ ಜಾರುತ್ತೆ. ಅವಸರದಲ್ಲಿರುವ ಗುಂಪಿಗೆ ಎಚ್ಚರಿಕೆ ಫಲಕ ಓದೋ ವ್ಯವಧಾನ ಇರೋದಿಲ್ಲ. ‘ಬೇಗ ಒಂದು ಫೋಟೋ’ ಅಂತ ತುದಿಗೆ ಹೋಗುವವರಿಗೆ ಹಿಂದಿನಿಂದ ಬರುವ ಅಲೆ ಕಾಣೋದಿಲ್ಲ. ಆದ್ದರಿಂದ ನಮ್ಮ ಅಭಿಪ್ರಾಯ ನೇರವಾಗಿದೆ: ಅಂಚಿನ ಬಂಡೆಯ ಮೇಲೆ ಫೋಟೋ ಬೇಡ. ಕಾವಲಿನವರು ಸೀಟಿ ಊದಿದರೆ ವಾದ ಮಾಡದೆ ಹಿಂದೆ ಬನ್ನಿ. ಈಜು ಬರುತ್ತೆ ಅನ್ನೋ ಧೈರ್ಯ ಕೆರೆಗೆ ಸಾಕು, ಈ ಕಡಲಿಗೆ ಸಾಲದು.

“ಎಲ್ಲದಕ್ಕೂ ರೂಲ್ಸ್ ಹೇಳಿದರೆ ಮಜಾ ಎಲ್ಲಿ?” ಅಂತ ನಮ್ಮ ಜೂನಿಯರ್‌ಗಳು ಕೇಳಿದ್ದಾರೆ. ನಾವು ಹೇಳ್ತಿರೋದು ಮಜಾ ಬೇಡ ಅಂತಲ್ಲ. ಬ್ಲೂಟೂತ್ ಸ್ಪೀಕರ್ ರೂಮಿನಲ್ಲಿರಲಿ, ಹಾಡು ಬೇಕಿದ್ದರೆ ನಾವೇ ಹಾಡೋಣ, ಅಂತ್ಯಾಕ್ಷರಿಗೆ ಚಾರ್ಜ್ ಬೇಕಾಗಿಲ್ಲ. ಚಿಪ್ಸ್ ಪ್ಯಾಕೆಟ್, ನೀರಿನ ಬಾಟಲಿ ತಂದವರೇ ವಾಪಸ್ ಒಯ್ಯಲಿ. ಆ ದ್ವೀಪದಲ್ಲಿ ಬಿದ್ದ ಒಂದೊಂದು ಪ್ಲಾಸ್ಟಿಕ್ಕನ್ನೂ ಯಾರೋ ದೋಣಿಯಲ್ಲೇ ಹೊತ್ತು ತರಬೇಕು, ಇಲ್ಲದಿದ್ದರೆ ಅದು ಮಲ್ಪೆಯ ಮೀನುಗಾರರ ಬಲೆಗೆ ಬರುತ್ತೆ. ದಡದ ತುಂಬ ಚಿಪ್ಪುಗಳಿವೆ; ನೋಡಿ, ಮುಟ್ಟಿ, ಅಲ್ಲೇ ಬಿಡಿ.

ಮಳೆಗಾಲದಲ್ಲಿ ದೋಣಿ ಓಡುವುದಿಲ್ಲ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ವಾರಾಂತ್ಯ ತಪ್ಪಿಸಿ, ಬೆಳಗಿನ ದೋಣಿಗೇ ಹೋಗಿ. ಟೋಪಿ, ಕುಡಿಯುವ ನೀರು ಮರೆಯಬೇಡಿ. ವಾಪಸ್ ದೋಣಿ ಎಷ್ಟು ಹೊತ್ತಿಗೆ ಅಂತ ಹತ್ತುವ ಮುಂಚೆಯೇ ಕೇಳಿಕೊಳ್ಳಿ. ದಡಕ್ಕೆ ಬಂದ ಮೇಲೆ ಬಂಗುಡೆ ಫ್ರೈ ತಿನ್ನುವವರು ಅದನ್ನು ತಿನ್ನಲಿ, ಉಳಿದವರಿಗೆ ಗೋಳಿಬಜೆ ಇದೆ. ಆವತ್ತು ಸಂಜೆ ಇನ್ನೊಂದು ಜಾಗ ಇಟ್ಟುಕೊಳ್ಳಬೇಡಿ. ಈ ಸೆಮಿಸ್ಟರಿನ ಟ್ರಿಪ್ ಗ್ರೂಪಿನಲ್ಲಿ ಪಟ್ಟಿ ಹಾಕುವವರು ಯಾರೇ ಆಗಲಿ, ಆ ‘45 ನಿಮಿಷ’ವನ್ನು ಇವತ್ತೇ ಅಳಿಸಿ.